ಲಿಬ್ರೆಆಫೀಸ್ ರೈಟರ್: ಸಾಲಿನ ಕೊನೆಯಲ್ಲಿ ಕನ್ನಡ ಪದ ಎಲ್ಲೆಂದರಲ್ಲಿ ಒಡೆಯುತ್ತಿದೆ

ಪ್ರಶ್ನೆ:
ಎರಡು ಕಾಲಂನ ಸಂಚಿಕೆ, ಪಠ್ಯ ಜಸ್ಟಿಫೈ ಆಗಿದೆ (ಎರಡೂ ಅಂಚಿಗೆ ಸಮ). ಹೈಫನೇಷನ್ (ಸಾಲಿನ ಕೊನೆಯಲ್ಲಿ ಪದ ಒಡೆಯುವ ಸೌಲಭ್ಯ) ತೆಗೆದರೆ ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಹಾಕಿದರೆ ‘ಬೆಂಗಳೂ-ರು’, ‘ಮೈಸೂರಿನ-ಲ್ಲಿ’ ಅಂತ ಒಂಟಿ ಅಕ್ಷರ ಕೆಳಗಿಳಿಯುತ್ತದೆ. ತಲೆಬರಹಗಳೂ ಒಡೆಯುತ್ತಿವೆ. ಕೆಲವು ಹೆಸರು ಒಡೆಯಲೇಬಾರದು. ಏನು ಮಾಡಬೇಕು?

ಉತ್ತರ 1:
ತಲೆಬರಹ ಒಡೆಯುತ್ತಿದೆ ಅಂದರೆ ನೀವು ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಟಿಕ್ ಹಾಕಿರಬೇಕು. ಹೆಡಿಂಗ್‌ಗಳು ಅದರ ಮಕ್ಕಳು, ಅಲ್ಲಿ ಹಾಕಿದ್ದು ಅವಕ್ಕೂ ಬರುತ್ತದೆ. ಅಲ್ಲಿ ತೆಗೆದು, ಎಫ್11 ಒತ್ತಿ, ‘ಬಾಡಿ ಟೆಕ್ಸ್ಟ್’ ಮೇಲೆ ರೈಟ್ ಕ್ಲಿಕ್ ಮಾಡಿ, ಎಡಿಟ್‌ಗೆ ಹೋಗಿ, ಟೆಕ್ಸ್ಟ್ ಫ್ಲೋ ಟ್ಯಾಬ್‌ನಲ್ಲಿ ಹಾಕಿ.

ಒಂಟಿ ಅಕ್ಷರಕ್ಕೆ ಕಾರಣ ಅದೇ ಟ್ಯಾಬ್‌ನಲ್ಲಿರುವ 2 ಎಂಬ ಅಂಕಿ: ಒಡೆದ ಪದದ ಕನಿಷ್ಠ ಎಷ್ಟು ಭಾಗ ಸಾಲಿನ ಕೊನೆಯಲ್ಲಿ, ಎಷ್ಟು ಮುಂದಿನ ಸಾಲಿನ ಆರಂಭದಲ್ಲಿ ಇರಬೇಕು ಎಂಬ ಮಿತಿ. ಅದು ಎಣಿಸುವುದು ನಮ್ಮ ಅಕ್ಷರವನ್ನಲ್ಲ, ಯುನಿಕೋಡ್ ಸಂಕೇತಗಳನ್ನು. ‘ರು’ ಅಂದರೆ ರ ಮತ್ತು ಉಕಾರ, ಅಲ್ಲಿಗೇ 2. ‘ಲ್ಲಿ’ಯಲ್ಲಿ ಲ, ಹಲಂತ, ಲ, ಇಕಾರ ಸೇರಿ 4. ಆದ್ದರಿಂದ ಸಾಲಿನ ಆರಂಭದ ಅಂಕಿಯನ್ನು 5 ಮಾಡಿ. ಆಗ ‘ಮೈಸೂರಿ-ನಲ್ಲಿ’ ಆಗುತ್ತದೆ. ಸಾಲಿನ ಕೊನೆಗೆ 4 ಸಾಕು. ಸತತವಾಗಿ ಒಡೆಯುವ ಸಾಲುಗಳ ಮಿತಿ 0 ಇದ್ದರೆ ಮಿತಿಯೇ ಇಲ್ಲ ಎಂದರ್ಥ, 2 ಇಡಿ.

ಉತ್ತರ 2:
ಹೆಸರುಗಳಿಗೆ: ಟೂಲ್ಸ್, ಆಪ್ಷನ್ಸ್, ರೈಟಿಂಗ್ ಏಡ್ಸ್‌ನಲ್ಲಿ ನಿಮ್ಮ ಡಿಕ್ಷನರಿ ಎಡಿಟ್ ಮಾಡಿ, ಪದದ ಕೊನೆಗೆ ಸಮ ಚಿಹ್ನೆ ಸೇರಿಸಿ: ‘ಕುವೆಂಪು=’. ನಡುವೆ ಹಾಕಿದರೆ ಅಲ್ಲಿ ಒಡೆಯುತ್ತದೆ: ‘ವಿಶ್ವ=ವಿದ್ಯಾಲಯ’. ತೊಡಕು ನಮ್ಮ ವಿಭಕ್ತಿಗಳದು. ‘ಕುವೆಂಪು=’ ಅಂತ ಕೊಟ್ಟರೆ ‘ಕುವೆಂಪುವಿನ’ ಅದಕ್ಕೆ ಬೇರೆಯೇ ಪದ. ಬಳಸಿದ ರೂಪಗಳನ್ನೆಲ್ಲ ಸೇರಿಸಬೇಕು.

ಪದ ಎಲ್ಲಿ ಒಡೆಯಬೇಕೆಂದು ಒಂದೆರಡು ಕಡೆ ಮಾತ್ರ ಹೇಳಬೇಕಾದರೆ, ಅಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಮೈನಸ್ ಒತ್ತಿ. ಆ ಪದ ಆಮೇಲೆ ಅಲ್ಲಿ ಮಾತ್ರ ಒಡೆಯುತ್ತದೆ, ಮೇಲಿನ ಅಂಕಿಗಳು ಅದಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಅಂಕಿ ಬದಲಿಸಿದೆ, ಸರಿಹೋಯಿತು. ಆದರೆ ಇಮೇಲ್‌ನಿಂದ ಪೇಸ್ಟ್ ಮಾಡಿದ ಪ್ಯಾರಾಗಳು ಒಡೆಯುವುದೇ ಇಲ್ಲವಲ್ಲ?

ಉತ್ತರ 1:
ಅವುಗಳ ಭಾಷೆ ಕನ್ನಡ ಅಂತ ಗುರುತಾಗಿಲ್ಲ. ಸೆಲೆಕ್ಟ್ ಮಾಡಿ ಫಾರ್ಮ್ಯಾಟ್, ಕ್ಯಾರೆಕ್ಟರ್‌ಗೆ ಹೋಗಿ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್, ಕನ್ನಡದಂಥ ಲಿಪಿಗಳ ಗುಂಪು) ಭಾಷೆಯನ್ನು ಕನ್ನಡ ಮಾಡಿ. ಮೇಲಿನ ವೆಸ್ಟರ್ನ್ ಭಾಷೆ ಬದಲಿಸಿದರೆ ಏನೂ ಆಗದು, ಬಹಳ ಜನ ಎಡವುವುದು ಅಲ್ಲೇ.