ಕೈಹೆಂಚಿನ ಆಯ್ಕೆ: ಸುಧಾಳ ಪ್ರಶ್ನೆಗೆ ಉತ್ತರ

ಸುಧಾ, ನೀನು ನಿನ್ನೆ ಗುಂಪಿನಲ್ಲಿ ಹಾಕಿದ ಮೂರು ಹೆಂಚುಗಳ ಫೋಟೊಗಳನ್ನು ನೋಡಿದೆ. ತೀರ್ಥಹಳ್ಳಿಯ ತೋಟದ ಮನೆಗೆ ಕುಂಬಾರರು ಕೈಯಿಂದ ಮಾಡಿದ ಹೆಂಚನ್ನೇ ಹೊದಿಸಬೇಕೆಂದು ತೀರ್ಮಾನಿಸಿದ್ದೇವೆ, ಮೂರರಲ್ಲಿ ಯಾವುದನ್ನು ಆರಿಸೋಣ ಎಂದು ಕೇಳಿದ್ದೀಯ. ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ, ಆದ್ದರಿಂದ ಮಾತಿನಲ್ಲಿಯೇ ಕಳುಹಿಸುತ್ತಿದ್ದೇನೆ. ಭಾವನವರಿಗೂ ಕೇಳಿಸು, ಏಕೆಂದರೆ ಇದರಲ್ಲಿ ಅರ್ಧ ಭಾಗ ಬಡಗಿಯ ಕೆಲಸಕ್ಕೆ ಸೇರಿದ್ದು.

ಮೊದಲನೆಯ ಫೋಟೊದ ಹೆಂಚು ಒಂದೇ ಸಮನಾದ ಕಡುಕೆಂಪಾಗಿ ಹೊಳೆಯುತ್ತಿದೆ, ಮನೆಮಂದಿಯೆಲ್ಲ ಅದನ್ನೇ ಮೆಚ್ಚಿದ್ದಾರೆ. ನನಗೆ ಅನುಮಾನ ಬಂದಿರುವುದೂ ಅದರ ಮೇಲೆಯೇ. ಸೌದೆಯ ಆವಿಗೆಯಲ್ಲಿ, ಅಂದರೆ ಕುಂಬಾರರು ಹೆಂಚು ಸುಡುವ ಗೂಡಿನಲ್ಲಿ, ಬೆಂದ ಹೆಂಚುಗಳೆಲ್ಲ ಒಂದೇ ಬಣ್ಣಕ್ಕೆ ಬರುವುದು ಅಪರೂಪ. ಬೆಂಕಿಗೆ ಹತ್ತಿರವಿದ್ದದ್ದು ಕಪ್ಪಾಗುತ್ತದೆ, ದೂರವಿದ್ದದ್ದು ತಿಳಿಗೆಂಪಾಗಿ ಉಳಿಯುತ್ತದೆ. ಉಗುರಿನಿಂದ ಕೆರೆದು ನೋಡು, ಬಣ್ಣ ಬಳಿದಿದ್ದರೆ ತಿಳಿಯುತ್ತದೆ. ಎರಡನೆಯ ಹೆಂಚಿನ ಮೇಲಿರುವ ಕಪ್ಪು ಕಲೆಗಳು ದೋಷವಲ್ಲ, ಅವು ಹೊಗೆಯ ಮತ್ತು ಬೆಂಕಿಯ ಗುರುತುಗಳು.

ಫೋಟೊದಿಂದ ಹೆಂಚಿನ ಗುಣ ತಿಳಿಯುವುದಿಲ್ಲ, ಬಡಿದ ಶಬ್ದವನ್ನು ಕಳುಹಿಸಿದ್ದರೆ ನಾನು ಇಲ್ಲಿಂದಲೇ ಇನ್ನಷ್ಟು ಹೇಳಬಹುದಿತ್ತು. ಹೆಂಚನ್ನು ಎರಡು ಬೆರಳಿನಲ್ಲಿ ತೂಗುಹಾಕಿದಂತೆ ಹಿಡಿದು ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಬೇಕು. ಚೆನ್ನಾಗಿ ಬೆಂದದ್ದು ಠಣ್ಣೆನ್ನುತ್ತದೆ. ಅರೆಬೆಂದದ್ದು ಅಥವಾ ಕಣ್ಣಿಗೆ ಕಾಣದ ಬಿರುಕಿರುವುದು ಮಂದವಾದ ಶಬ್ದ ಕೊಡುತ್ತದೆ. ಪ್ರತಿಯೊಂದು ರಾಶಿಯಿಂದಲೂ ಒಂದನ್ನು ಮುರಿದು ಒಳಗನ್ನು ನೋಡು. ನಡುವೆ ದಪ್ಪನಾದ ಬೂದುಗಪ್ಪು ಪದರವಿದ್ದರೆ ಕಾವು ಒಳಗಿನವರೆಗೆ ಸರಿಯಾಗಿ ತಲುಪಿಲ್ಲವೆಂದು ತಿಳಿದುಕೊ.

ಆಮೇಲೆ ನೀರಿನ ಪರೀಕ್ಷೆ. ಒಣಗಿದ ಹೆಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೇಲ್ಮೈಯನ್ನು ಒರೆಸಿ ಮತ್ತೆ ತೂಗಬೇಕು. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚಾಗಿದ್ದರೆ ನಾನಾದರೆ ಆ ರಾಶಿಯನ್ನು ಬಿಟ್ಟುಬಿಡುತ್ತೇನೆ, ಏಕೆಂದರೆ ಆಗುಂಬೆಗೆ ಹತ್ತಿರದ ನಿಮ್ಮ ಊರಿನಲ್ಲಿ ಆ ಹೆಂಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವ ಅವಕಾಶವೇ ಇಲ್ಲದೆ ಪಾಚಿ ಕಟ್ಟಿಕೊಂಡು, ತನ್ನ ಭಾರವನ್ನೂ ಹೀರಿದ ನೀರಿನ ಭಾರವನ್ನೂ ಚಾವಣಿಯನ್ನು ಹೊರುವ ಇಳಿಜಾರು ಮರಗಳಾದ ಪಕಾಸುಗಳ ಮೇಲೆ ಹೊರಿಸುತ್ತದೆ. ನೆನೆಸಿದ ಹೆಂಚನ್ನು ಕೂಡಲೇ ಎಸೆಯದೆ ಕೆಲವು ದಿನ ಹೊರಗೆ ಇಟ್ಟು ಗಮನಿಸು. ಮಣ್ಣಿನಲ್ಲಿ ಸುಣ್ಣದ ಹರಳುಗಳಿದ್ದರೆ ಅವು ಆವಿಗೆಯಲ್ಲಿ ಸುಟ್ಟ ಸುಣ್ಣವಾಗಿ, ತೇವ ತಾಗಿದಾಗ ಉಬ್ಬಿ, ಹೆಂಚಿನ ಮೈಯಿಂದ ಚಕ್ಕೆಗಳನ್ನು ಹಾರಿಸುತ್ತವೆ. ಕೊಳ್ಳುವ ದಿನ ನುಣ್ಣಗಿದ್ದ ಹೆಂಚು ಮೊದಲ ಮಳೆಗಾಲದಲ್ಲಿಯೇ ಗುಳಿಬೀಳುವುದಕ್ಕೆ ಇದು ಒಂದು ಕಾರಣ.

ಮೂರನೆಯದು ಹಳೆಯ ಮನೆಯಿಂದ ಇಳಿಸಿದ ಹೆಂಚು ಎಂದಿದ್ದೀಯ. ಪಾಚಿಯನ್ನು ಉಜ್ಜಿ ತೊಳೆದ ಮೇಲೂ ಅದು ಠಣ್ಣೆಂದರೆ ನನ್ನ ಒಲವು ಅದರ ಕಡೆಗೇ, ಎಷ್ಟೋ ಮಳೆಗಾಲಗಳು ಅದನ್ನು ಆಗಲೇ ಪರೀಕ್ಷಿಸಿವೆ. ತೊಡಕಿರುವುದು ಅಳತೆಯಲ್ಲಿ. ಈ ಹೆಂಚನ್ನು ಕುಂಬಾರರ ಚಕ್ರವಾದ ತಿಗರಿಯ ಮೇಲೆ ಒಂದು ಕಡೆ ಅಗಲವಾದ ಕೊಳವೆಯಾಗಿ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಎರಡು ಹೋಳು ಮಾಡಿರುತ್ತಾರೆ. ಒಂದು ಸಾಲನ್ನು ಅಂಗಾತ ಇಟ್ಟು, ಎರಡು ಸಾಲುಗಳ ಸಂದಿನ ಮೇಲೆ ಇನ್ನೊಂದನ್ನು ಬೋರಲು ಹಾಕುತ್ತಾರೆ. ಅಂಗಾತದ ಹೆಂಚಿನ ಕಿರಿದಾದ ತುದಿ ಕೆಳಗಿರಬೇಕು, ಬೋರಲು ಹಾಕಿದ್ದರ ಅಗಲವಾದ ತುದಿ ಕೆಳಗಿರಬೇಕು. ಒಬ್ಬೊಬ್ಬ ಕುಂಬಾರರ ಕೈಯಳತೆ ಒಂದೊಂದು ರೀತಿ ಇರುವುದರಿಂದ, ಎರಡು ಮೂರು ಮನೆಗಳ ಹಳೆಯ ಹೆಂಚುಗಳನ್ನು ಬೆರೆಸಿ ಹೊದಿಸಿದರೆ ಸಂದುಗಳು ಕೂರುವುದಿಲ್ಲ. ಮಾಡಿನ, ಅಂದರೆ ಚಾವಣಿಯ, ಒಂದು ಇಳಿಜಾರಿಗಾದರೂ ಪೂರ್ತಿ ಸಾಲುವಷ್ಟು ಒಂದೇ ಅಳತೆಯದು ಸಿಕ್ಕರೆ ಮಾತ್ರ ಅದನ್ನು ತೆಗೆದುಕೊ.

ಇನ್ನು ಮಾಡಿನ ವಿಷಯ. ಮಂಗಳೂರು ಹೆಂಚಿಗೆ, ಪಕಾಸಿಗೆ ಅಡ್ಡಲಾಗಿ ಹೊಡೆದ ಮರದ ಪಟ್ಟಿಯಾದ ರೀಪಿನ ಮೇಲೆ ಕಚ್ಚಿ ಕೂರುವ ಮೂಗು ಇರುತ್ತದೆ, ಕೈಹೆಂಚಿಗೆ ಅದಿಲ್ಲ. ಅದು ನಿಲ್ಲುವುದು ತನ್ನ ಭಾರದಿಂದ ಮತ್ತು ಒಂದರ ಮೇಲೊಂದು ಏರಿದ ಹಿಡಿತದಿಂದ. ಇಳಿಜಾರು ಕಡಿಮೆಯಾದರೆ ಗಾಳಿಮಳೆ ನೀರನ್ನು ಹಿಂದಕ್ಕೆ ನೂಕಿ ಒಳಗೆ ಇಳಿಸುತ್ತದೆ, ತೀರ ಕಡಿದಾದರೆ ಹೆಂಚೇ ಜಾರುತ್ತದೆ. ಅಡ್ಡಕ್ಕೆ ಒಂದು ಅಡಿ ಹೋದಾಗ ಏಳು ಇಂಚು ಏರಿದರೆ ಸುಮಾರು 30 ಡಿಗ್ರಿ. ನಿಮ್ಮ ಮಳೆಗೆ ಅದಕ್ಕಿಂತ ಕಡಿಮೆ ಬೇಡ. ಬಡಗಿ ಕೊಟ್ಟಿರುವ ನಕ್ಷೆಯಲ್ಲಿ ಐದೇ ಇಂಚು ಇರುವಂತೆ ಕಾಣುತ್ತದೆ, ಭಾವನವರು ಇದನ್ನು ಮೊದಲು ಸರಿಪಡಿಸಲಿ.

ಹಿಂದೆ ಅಡಿಕೆ ಮರದ ಸೀಳುಗಳಾದ ದಬ್ಬೆಯ ಮೇಲೆ ಬರೀ ಹೆಂಚು ಹೊದಿಸಿ, ಪ್ರತಿ ಬೇಸಿಗೆಯ ಕೊನೆಗೆ ಆಳುಗಳು ಮೇಲೆ ಹತ್ತಿ, ಸರಿದದ್ದನ್ನು ಕೂರಿಸಿ ಒಡೆದದ್ದನ್ನು ಬದಲಿಸಿ, ಹೆಂಚು ಕೈಯಾಡಿಸುತ್ತಿದ್ದರು. ಈಗ ನೀವು ಬೆಂಗಳೂರಿನಲ್ಲಿ, ಮನೆ ತೋಟದಲ್ಲಿ, ಮಂಗಗಳು ಮಾಡಿನ ಮೇಲೆ! ಆದ್ದರಿಂದ ಪಕಾಸಿನ ಮೇಲೆ ಹಲಗೆ ಹೊದಿಸಿ, ಅದರ ಮೇಲೆ ನೀರು ತಡೆಯುವ ಹಾಳೆ ಹಾಸಿ, ಇಳಿಜಾರಿನ ದಿಕ್ಕಿಗೆ ತೆಳುವಾದ ಪಟ್ಟಿಗಳನ್ನೂ ಅವುಗಳ ಮೇಲೆ ಅಡ್ಡ ರೀಪುಗಳನ್ನೂ ಹೊಡೆಸಿ, ಆಮೇಲೆ ಹೆಂಚು ಇಡಿಸಿ. ಆ ಪಟ್ಟಿಗಳಿಂದಾಗುವ ಸಂದಿನಲ್ಲಿ ಗಾಳಿ ಆಡುತ್ತದೆ, ಒಂದು ಹೆಂಚು ಒಡೆದರೂ ನೀರು ಸೂರಿನವರೆಗೆ ಹರಿದುಹೋಗುತ್ತದೆ. ಖರ್ಚು ಹೆಚ್ಚುತ್ತದೆ ನಿಜ. ಆದರೆ ಹೆಂಚನ್ನೆಲ್ಲ ಸಿಮೆಂಟಿನಲ್ಲಿ ಅಂಟಿಸಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ; ಆಮೇಲೆ ಒಡೆದದ್ದನ್ನು ಬದಲಿಸಲು ಪಕ್ಕದ ನಾಲ್ಕನ್ನು ಒಡೆಯಬೇಕಾಗುತ್ತದೆ. ಸೂರಿನ ಕೊನೆಯ ಸಾಲಿಗೆ ಮತ್ತು ನೆತ್ತಿಗೆ ಮಾತ್ರ ಗಾರೆ ಸಾಕು.

ಹಣ ಸಾಲದಿದ್ದರೆ ಮುಂದಿನ ಜಗಲಿಗೂ ಚಾವಡಿಗೂ ಕೈಹೆಂಚು ಹಾಕಿ, ಹಿಂಭಾಗಕ್ಕೆ ಮಂಗಳೂರು ಹೆಂಚು ಹಾಕಿಸಿ. ಅದು ಕಾರ್ಖಾನೆಯದು, ಸಾಂಪ್ರದಾಯಿಕವಲ್ಲ ಎಂದು ಚಿಕ್ಕಮ್ಮ ಬರೆದಿದ್ದಾರೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ನೂರೈವತ್ತು ವರ್ಷ ದಾಟಿದ ಮೇಲೆ ಅದನ್ನು ಹೊಸತೆನ್ನುವುದು ನನಗೆ ಸರಿಕಾಣುವುದಿಲ್ಲ. ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು ಸಾಕು, ಕೈಹೆಂಚು ಅದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ.

ಹೊಸದನ್ನೇ ಮಾಡಿಸುವುದಾದರೆ ದೀಪಾವಳಿಯ ಹೊತ್ತಿಗೆ ಹೇಳಿಬಿಡಿ. ಹಸಿ ಹೆಂಚು ಒಣಗುವುದಕ್ಕೂ ಆವಿಗೆ ಹಾಕುವುದಕ್ಕೂ ಒಣ ಹವೆ ಬೇಕು, ಮೇ ತಿಂಗಳಿನಲ್ಲಿ ಅವಸರ ಮಾಡಿದರೆ ಅರೆಬೆಂದದ್ದೇ ಸಿಗುತ್ತದೆ. ಎಲ್ಲವನ್ನೂ ಒಂದೇ ಕಡೆಯಿಂದ ತರಿಸಿ, ಲೆಕ್ಕಕ್ಕಿಂತ ಹತ್ತನೇ ಒಂದು ಭಾಗ ಹೆಚ್ಚು ಹೇಳಿ. ಮುಂಗಡ ಕೊಡುವ ಮೊದಲು ದಾರಿಯಲ್ಲಿ ಒಡೆದದ್ದು ಯಾರ ಲೆಕ್ಕಕ್ಕೆ ಎಂಬುದನ್ನು ಮಾತಾಡಿಕೊಳ್ಳಿ, ಲಾರಿಯಲ್ಲಿ ಹುಲ್ಲು ಹಾಸಿ ಹೆಂಚುಗಳನ್ನು ಮಲಗಿಸದೆ ನಿಲ್ಲಿಸಿಯೇ ತರಬೇಕೆಂದೂ ಹೇಳಿ.