ಪದಚರ್ಚೆ: ಹೊಟ್ಟೆಯೊಳಗಿನ ಮಗುವಿಗೂ ‘ಪರಿಸರ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಹಾರ್ಮೋನ್ ಸಂಶೋಧನೆಯ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಜೀನ್’ ಪದ ತೊಂದರೆ ಕೊಡಲಿಲ್ಲ, ವಂಶವಾಹಿ ಅಂದರೂ ನಡೆಯುತ್ತದೆ. ಸಿಕ್ಕಿಬಿದ್ದದ್ದು ‘ಎನ್ವಿರಾನ್‌ಮೆಂಟ್’ ಹತ್ತಿರ. ರೂಢಿಯಲ್ಲಿರುವುದು ‘ಪರಿಸರ’. ಆದರೆ ‘ಹಾರ್ಮೋನ್ ಏರುಪೇರಿಗೆ ಪರಿಸರವೂ ಕಾರಣ’ ಎಂದು ಬರೆದರೆ ಕಾರ್ಖಾನೆ ಹೊಗೆ, ಕಾಡು, ಜೂನ್ 5ರ ಗಿಡ ನೆಡುವ ಕಾರ್ಯಕ್ರಮ ನೆನಪಾಗುತ್ತದೆ, ಅಲ್ವಾ? ಸಂಶೋಧಕರ ಲೆಕ್ಕದಲ್ಲಿ ಜೀನ್ ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸೇರುತ್ತದೆ. ಊಟ, ನಿದ್ದೆ, ಚಿಂತೆ, ಔಷಧಿ, ಎಲ್ಲ.

ಕೆಲವು ಕಡೆ ‘ಪರಿಸರ’ ಸರಿಯಾಗಿಯೇ ಕೂರುತ್ತದೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ, ಅಂದರೆ ಥೈರಾಯ್ಡ್ ಗ್ರಂಥಿ ಊದಿ ಕುತ್ತಿಗೆ ದಪ್ಪವಾಗುವ ಕಾಯಿಲೆ, ತುಂಬಾ ಇತ್ತು. ಒಂದೇ ಮನೆಯಲ್ಲಿ ಹಲವರಿಗೆ ಕಂಡರೆ ವಂಶದ ಕಾಯಿಲೆ ಅನ್ನಿಸುವುದು ಸಹಜ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಲು ಶುರುಮಾಡಿದರು. ಆ ಉಪ್ಪು ತಿಂದ ಭಾಗಗಳಲ್ಲಿ ಗಳಗಂಡ ಕಡಿಮೆಯಾಯಿತು. ಥೈರಾಯ್ಡ್ ಹಾರ್ಮೋನ್‌ಗೆ ಬೇಕಾದ ಅಯೋಡಿನ್ ಅಲ್ಲಿನ ಮಣ್ಣಲ್ಲೇ ತೀರಾ ಕಡಿಮೆ ಇತ್ತು. ಮಣ್ಣು, ನೀರು ಅಂದಮೇಲೆ ‘ಪರಿಸರ’ ಅನ್ನಲು ಅಡ್ಡಿಯಿಲ್ಲ.

ತಲೆಕೆಡಿಸಿದ್ದು ಮೈಸೂರಿನ ಉದಾಹರಣೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಪಾರ್ಥೆನಾನ್ ಅಧ್ಯಯನ ಅಂತ ಹೆಸರು. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಒಂಬತ್ತೂವರೆ ವಯಸ್ಸಿನ ಹೊತ್ತಿಗೆ ಕೊಬ್ಬು, ಇನ್ಸುಲಿನ್ ಎರಡೂ ಜಾಸ್ತಿ ಕಂಡವು. ತಂದೆಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲೂ ಒಂದಿಷ್ಟು ವ್ಯತ್ಯಾಸ ಕಂಡಿತು, ಆದರೆ ತಾಯಿಗೆ ಇದ್ದವರಲ್ಲಿ ಕಂಡಷ್ಟು ಅಲ್ಲ. ತಂದೆಯೂ ಜೀನ್ ಕೊಟ್ಟಿರುತ್ತಾನಲ್ಲ! ಹಾಗಾಗಿ ಜೀನ್ ಒಂದರಿಂದಲೇ ಇದನ್ನು ವಿವರಿಸಲಾಗದು. ಗರ್ಭದಲ್ಲಿ ಮಗುವಿಗೆ ತಲುಪಿದ ಸಕ್ಕರೆಯ ಕಡೆಗೆ ಬೆರಳು ಹೋಗುತ್ತದೆ.

ಇದನ್ನು ಏನನ್ನೋಣ? ‘ಹುಟ್ಟಿನಿಂದ ಬಂದದ್ದು’ ಅಂದರೆ ಓದುವವರು ವಂಶ ಅಂದುಕೊಳ್ಳುತ್ತಾರೆ. ‘ಹೊರಗಿನ ಕಾರಣ’ ಅನ್ನಲು ಅದು ತಾಯಿಯ ಹೊಟ್ಟೆಯೊಳಗೇ ಇದೆ. ‘ಗರ್ಭದ ಪರಿಸರ’ ನನಗೆ ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ. ‘ಸುತ್ತಣ’ ಚೆನ್ನಾಗಿದೆ, ಆದರೆ ಎಷ್ಟು ಜನರಿಗೆ ಗೊತ್ತು?

ಸದ್ಯಕ್ಕೆ ವಾಕ್ಯದೊಳಗೆ ಉಪ್ಪು, ಊಟ, ತಾಯಿಯ ಸಕ್ಕರೆ ಮಟ್ಟ ಅಂತ ನೇರವಾಗಿ ಬರೆಯುತ್ತಿದ್ದೇನೆ. ಅದೇ ವಾಸಿ ಅನ್ನಿಸಿದೆ. ಆದರೆ ಕೋಷ್ಟಕದ ತಲೆಬರಹಕ್ಕೆ, ‘ಜೀನ್’ ಪಕ್ಕದಲ್ಲಿ, ಒಂದೇ ಪದ ಬೇಕು. ‘ಬೆಳೆದ ಪರಿಸ್ಥಿತಿ’ ಆದೀತಾ? ನಿಮ್ಮ ಊರಲ್ಲಿ ಡಾಕ್ಟರು, ಆಶಾ ಕಾರ್ಯಕರ್ತೆಯರು ಬಾಯಿಮಾತಲ್ಲಿ ಇದಕ್ಕೆ ಏನನ್ನುತ್ತಾರೆ, ತಿಳಿಸಿ.