ಸಹಾಯ ಬೇಕು: ಚಿಕ್ಕಂದಿನ ಪೆಟ್ಟು, ಈಗಿನ ಕಾಯಿಲೆ, ದಾವಣಗೆರೆ ಕಡೆ ಯಾರಿಗೆ ತೋರಿಸೋದು?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ವಿಷಯಕ್ಕೆ ಕೇಳುತ್ತಿದ್ದೇನೆ. ವಯಸ್ಸು ನಲವತ್ತು ದಾಟಿದೆ. ಬಿಪಿ ಇದೆ, ಹೊಟ್ಟೆ ಉರಿ ಬಿಡಲ್ಲ, ನಿದ್ದೆ ಇಲ್ಲ, ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೆಚ್ಚಿಬೀಳುತ್ತಾನೆ. ಎಂಡೋಸ್ಕೋಪಿ ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ಬರೆದು 'ಟೆನ್ಷನ್ ಮಾಡ್ಕೋಬೇಡಿ' ಅಂತ ಕಳಿಸಿದರು. ಚಿಕ್ಕವರಿದ್ದಾಗ ಅಪ್ಪ ಕುಡಿದು ಬಂದು ಬೆಲ್ಟಿನಲ್ಲಿ ಹೊಡೆಯುತ್ತಿದ್ದರು, ನಮ್ಮನ್ನೆಲ್ಲ ಹಿಂದೆ ತಳ್ಳಿ ಇವನೇ ಪೆಟ್ಟು ತಿನ್ನುತ್ತಿದ್ದ, ಅದನ್ನು ಯಾವ ಡಾಕ್ಟರೂ ಕೇಳಿಲ್ಲ, ಇವನೂ ಹೇಳಿಲ್ಲ.

ಅಮೆರಿಕದ 'ಏಸ್' (ಬಾಲ್ಯದ ಕಹಿ ಅನುಭವಗಳು) ಅಧ್ಯಯನದ ಬಗ್ಗೆ ಓದಿದೆ. ಫೆಲಿಟಿ, ಆಂಡಾ ಎಂಬ ಡಾಕ್ಟರುಗಳು ಸ್ಯಾನ್ ಡಿಯಾಗೋದಲ್ಲಿ 17 ಸಾವಿರಕ್ಕೂ ಜಾಸ್ತಿ ಜನರ ಬಾಲ್ಯ ವಿಚಾರಿಸಿ ಮಾಡಿದ್ದು, ಮೊದಲ ವರದಿ ಬಂದಿದ್ದು 1998ರಲ್ಲಿ. ಹೊಡೆತ, ಮನೆಯಲ್ಲಿ ಕುಡಿತ, ತಾಯಿಗೆ ಹೊಡೆಯೋದನ್ನು ನೋಡಿದ್ದು, ಇಂಥವು ನಾಲ್ಕೋ ಜಾಸ್ತಿಯೋ ಅನುಭವಿಸಿದವರಲ್ಲಿ ಖಿನ್ನತೆ ಅಷ್ಟೇ ಅಲ್ಲ, ಹೃದಯ, ಶ್ವಾಸಕೋಶದ ಕಾಯಿಲೆನೂ ಹೆಚ್ಚು ಕಂಡಿತ್ತು. ಇದು ಗುಂಪಿನ ಲೆಕ್ಕ, ಅಣ್ಣನಿಗೆ ಇದರಿಂದಲೇ ಆಯ್ತು ಅಂತ ನಾನು ಹೇಳುತ್ತಿಲ್ಲ, ಬಿಪಿ ಮಾತ್ರೆನೂ ನಿಲ್ಲಿಸಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಅಲ್ವಾ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಗೊತ್ತು, ಫೋನ್ ಅಂದರೆ ಅವನು ಬಾಯೇ ಬಿಡಲ್ಲ. ದಾವಣಗೆರೆ, ಹುಬ್ಬಳ್ಳಿ ಕಡೆ ಕನ್ನಡದಲ್ಲೇ ಎದುರು ಕೂತು ಮಾತಾಡುವ, ಟ್ರಾಮಾ (ಮನಸ್ಸಿಗಾದ ಆಘಾತ) ಚಿಕಿತ್ಸೆ ಕಲಿತ ಕೌನ್ಸೆಲರ್ ಗೊತ್ತಿದ್ದರೆ ಹೇಳಿ. ನಿಮ್ಹಾನ್ಸ್ ಓಪಿಡಿಗೆ ಹೋಗಿಬಂದವರು ಯಾವ ಕಾಗದ ತಗೊಂಡು ಹೋಗಬೇಕು ತಿಳಿಸಿ. 'ನನಗೇನು ಹುಚ್ಚಾ' ಅನ್ನೋ ಗಂಡಸರನ್ನು ನೀವು ಹೇಗೆ ಒಪ್ಪಿಸಿದಿರಿ? ದಯವಿಟ್ಟು ಹರಕೆ, ತಾಯತ ಹೇಳಬೇಡಿ, ಅದೆಲ್ಲ ಅಮ್ಮ ಮಾಡಿ ಮುಗಿಸಿದ್ದಾರೆ.